ಜುಬೇದಾಳ ಹೆಸರಿಗೆ ಬಂದ ನೋಟೀಸು

ಕಳೆದ ತಿಂಗಳು ನಮ್ಮ ಬೀದಿಗೆ ಕಲಾಯಿಯವನು ಬಂದಿದ್ದ. ಮೈಸೂರಿನಲ್ಲಿ ಈಗ ಕಲಾಯಿಯವರು ಸಿಕ್ಕುವುದೇ ಅಪರೂಪ. ಕೂಗು ಕೇಳಿದ ಕೂಡಲೇ ಅಟ್ಟದ ಮೇಲಿದ್ದ ಹಿತ್ತಾಳೆ ತಪ್ಪಲೆ ಇಳಿಸಿಕೊಂಡು ಓಡಿದೆ. ಅವನು ರಸ್ತೆಬದಿಯಲ್ಲಿ ಒಲೆ ಹೂಡಿ, ತಿದಿ ಒತ್ತಿ, ಬೇರೆ ಯಾರದೋ ಪಾತ್ರೆ ಕಾಯಿಸಿ ಅದರೊಳಗೆ ಒಂದು ಚಿಟಿಕೆ ನವಸಾಗರ ಉದುರಿಸಿದ. ಬಿಳಿ ಹೊಗೆ ಭುಗ್ಗನೆದ್ದು ಮೂಗಿಗೆ ಹೊಡೆಯಿತು. ಹಳೆಯ ವಾಸನೆ ಬಂದರೆ ಜನರಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಬಂದದ್ದು ಸಿಟ್ಟು.

ನನ್ನ ಸರದಿ ಬಂದಾಗ ಅವನು ತಪ್ಪಲೆಯನ್ನು ತಿರುಗಿಸಿ, ಕಂಠದ ಕೆಳಗೆ ಕೊರೆದಿದ್ದ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದ. "ಅಕ್ಕಾ, ಜುಬೇದಾ ಅಂತ ಅದೆ. ಯಾರದ್ದು? ಅರ್ಧ ಸವೆದೋಗದೆ. ಉಜ್ಜಿ ತೆಗೆದು ನಿಮ್ಮೆಸ್ರು ಹಾಕ್ಕೊಡ್ಲಾ?"

"ಮುಟ್ಟಬೇಡ" ಎಂದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು, ಅಷ್ಟು ಜೋರಾಗಿ ಹೇಳಿದ್ದೆ. ಪಾಪ, ಅವನೇನು ಮಾಡಿದ್ದ? ಆ ಹೆಸರನ್ನು ಉಜ್ಜಿ ತೆಗೆಯಲು ಹೊರಟವರಲ್ಲಿ ಅವನು ಮೊದಲಿನವನಲ್ಲ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು.

ಅದು ಎರಡು ಸಾವಿರದ ಏಳನೇ ಇಸವಿಯ ಮಳೆಗಾಲ. ನಾನು ಉಡಿಗಾಲ ಎಂಬ ಹಳ್ಳಿಯವಳು. ಚಾಮರಾಜನಗರದಲ್ಲಿ ಬಿ.ಎ. ಮುಗಿಸಿ, ಮನೆಯವರು ಗಂಡು ಹುಡುಕುವ ತನಕ ಸುಮ್ಮನೆ ಕೂರಲಾರದೆ, ಗುಂಡ್ಲುಪೇಟೆಯ ಬಾಷಣ್ಣನ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಏನು ಕೆಲಸ ಎಂದು ನೆಂಟರು ಕೇಳಿದರೆ ನಮ್ಮವ್ವ, "ಗೊಂಬೆಗೆ ಬಣ್ಣ ಬಳಿಯದು ಕಣಮ್ಮಿ" ಎಂದು ದನಿ ತಗ್ಗಿಸಿ ಹೇಳುತ್ತಿದ್ದಳು. ಡಿಗ್ರಿ ಓದಿಸಿದ್ದಕ್ಕೆ ಇದೇ ಫಲವೇ ಎಂಬ ಸಂಕಟ ಅವಳದು.

ಬಾಷಣ್ಣನ ಮನೆತನ ಕಲಾಯಿಯವರದು. ಸುತ್ತಲ ಹಳ್ಳಿಗಳ ಹಿತ್ತಾಳೆ ಪಾತ್ರೆಗಳಿಗೆಲ್ಲ ಅವರ ಅಪ್ಪ, ತಾತ ತವರ ಬಳಿದಿದ್ದರು. ಸ್ಟೀಲು ಬಂದು ಆ ಕಸುಬಿನ ಕತ್ತು ಹಿಸುಕಿತು. ಉಳಿದದ್ದು ಪಾತ್ರೆಗೆ ಹೆಸರು ಕೊರೆಯುವ ಕೆಲಸ. ಮದುವೆಗೆ ಕೊಡುವ ಕೊಡಪಾನ, ತಟ್ಟೆ, ಚೊಂಬಿನ ಮೇಲೆ ಕೊಟ್ಟವರ ಹೆಸರು ಹಾಕಿಸದೆ ನಮ್ಮ ಕಡೆ ಯಾರೂ ಉಡುಗೊರೆ ಕೊಡುವುದಿಲ್ಲ. ಲಗ್ನದ ಕಾಲದಲ್ಲಿ ಬಾಷಣ್ಣನ ಚಾಣದ ಟಕಟಕ ಹೆದ್ದಾರಿಯ ಈರುಳ್ಳಿ ಲಾರಿಗಳ ಸದ್ದಿನ ನಡುವೆಯೂ ಕೇಳುತ್ತಿತ್ತು.

ಅವನ ಹೆಂಡತಿಯೇ ಜುಬೇದಾ. ನಾವೆಲ್ಲ ಜುಬೇದಕ್ಕ ಎನ್ನುತ್ತಿದ್ದೆವು. ಮನೆಯಲ್ಲಿ ಉರ್ದು, ಹೊರಗೆ ನಮ್ಮ ಹಳ್ಳಿಯವರಿಗಿಂತ ಖಡಕ್ಕಾದ ಕನ್ನಡ. ದಪ್ಪ ಕನ್ನಡಕ, ಎಲೆಅಡಿಕೆ ಬಾಯಿ, ಯಾರಿಗೂ ಹೆದರದ ನಾಲಗೆ. ಆಕೆಗೊಂದು ಹುಚ್ಚಿತ್ತು. ಮೇಣದ ಉಂಡೆ ಹಿಡಿದು ದಬ್ಬಳದ ತುದಿಯಿಂದ ಹೆಬ್ಬೆರಳುದ್ದದ ಮನುಷ್ಯರನ್ನು ಮಾಡುವುದು. ಬಾಷಣ್ಣ ಅದಕ್ಕೆ ಅಚ್ಚು ಕಟ್ಟಿ, ಉಳಿದ ತವರ ಕರಗಿಸಿ ಹೊಯ್ಯುತ್ತಿದ್ದ. ತವರಕ್ಕೆ ಸೀಸ ಬೆರೆಸುತ್ತಿರಲಿಲ್ಲ. "ಮಕ್ಳು ಬಾಯ್ಗಿಟ್ಕತವೆ, ಪಾತ್ರೆಗೆ ಬಳಿಯೋ ತವರನೇ ಹಾಕು" ಎಂದು ಜುಬೇದಕ್ಕನ ಕಟ್ಟಪ್ಪಣೆ. ಹಾಗೆ ತಯಾರಾದ ಒಂದು ಬ್ಯಾಂಡ್ ಸೆಟ್ಟು, ಕ್ಲಾರಿಯೋನೆಟ್ ಊದುವವನಿಂದ ಹಿಡಿದು ಗ್ಯಾಸ್‌ಲೈಟ್ ಹೊತ್ತವನವರೆಗೆ, ಅಂಗಡಿಯ ಹಲಗೆಯ ಮೇಲೆ ನಿಂತಿತ್ತು.

ಊಟಿಗೆ ಹೋಗುತ್ತಿದ್ದ ಕಿಶೋರ್ ಎಂಬ ಬೆಂಗಳೂರಿನವನ ಕಾರು ಆ ಅಂಗಡಿಯ ಮುಂದೆಯೇ ಪಂಕ್ಚರ್ ಆಯಿತು. ಇದು ನಾನು ಸೇರುವುದಕ್ಕೆ ಮೂರು ನಾಲ್ಕು ವರ್ಷ ಮುಂಚಿನ ಮಾತು. ಟೀ ಕುಡಿಯಲು ಇಳಿದವನು ಗ್ಯಾಸ್‌ಲೈಟಿನವನನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಟೀ ಆರಿಹೋಗುವ ತನಕ ನೋಡಿದನಂತೆ. ಹೊರದೇಶಗಳಲ್ಲಿ ಗಡ್ಡ ಬಂದ ಗಂಡಸರು ಇಂಥ ಗೊಂಬೆಗಳನ್ನು ದೊಡ್ಡ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪಿನಲ್ಲಿ ದೂರ ಅಳೆದು, ದಾಳ ಎಸೆದು ಯುದ್ಧ ಆಡುತ್ತಾರೆ, ನೀವು ಸೈನಿಕರನ್ನು ಮಾಡಿಕೊಡಿ, ನಾನು ಮಾರುತ್ತೇನೆ ಎಂದನಂತೆ. ಜುಬೇದಕ್ಕ ನಗು ತಡೆಯಲಾರದೆ ಕೇಳಿದ್ದು ಒಂದೇ ಪ್ರಶ್ನೆ: "ಎಂಡ್ತೀರು ಬೈಯಲ್ವಂತಾ?"

ಆಕೆ ಪಾಳೇಗಾರರ ದಂಡು ಮಾಡಿದಳು. ಈಟಿಯವರು, ಫಿರಂಗಿಯವರು, ನಗಾರಿಯವರು, ಆನೆ, ಮಾವುತ. ಯುದ್ಧದವರ ಮುಖ ಆಕೆ ಎಲ್ಲಿ ಕಂಡಿದ್ದಳು? ಆದ್ದರಿಂದ ಎಲ್ಲರಿಗೂ ಗುಂಡ್ಲುಪೇಟೆಯ ಮುಖ ಕೊಟ್ಟಳು. ಫಿರಂಗಿಗೆ ಬೆಂಕಿ ಇಡುವವನು ಈರುಳ್ಳಿ ಮಂಡಿಯ ದಲ್ಲಾಳಿ. ಕತ್ತಿ ಎತ್ತಿ ಅರಚುವವನು ಚಾಮರಾಜನಗರದ ಬಸ್ಸಿನ ಕಂಡಕ್ಟರು. ಚಿಲ್ಲರೆ ಕೊಡದಿದ್ದಾಗ ಅವನ ಬಾಯಿ ಹಾಗೇ ತೆರೆದುಕೊಳ್ಳುತ್ತಿತ್ತು. ನಾನು ಆ ಮುಖಗಳಿಗೆ ಒಂದು ಕೂದಲಿನ ಬ್ರಷ್ಷಿನಲ್ಲಿ ಮೀಸೆ ಬಳಿಯುವಾಗ ನನಗೂ ಜುಬೇದಕ್ಕನಿಗೂ ನಗು ಬಂದು ಮೀಸೆ ಕಿವಿಗೆ ಹೋಗುತ್ತಿತ್ತು. ಹೊರದೇಶದವರು ಆ ಮುಖಗಳಿಗೇ ಮರುಳಾದರು. ಒಂದು ಮುಖದಂತೆ ಇನ್ನೊಂದಿಲ್ಲ ಎಂದು ಬರೆದು ಕಳಿಸಿದರು.

ಕಂಪನಿಗೆ ಹೆಸರು ಬೇಕು ಎಂದು ಕಿಶೋರ್ ಕೇಳಿದಾಗ ಬಾಷಣ್ಣ ಯೋಚನೆಯನ್ನೇ ಮಾಡಲಿಲ್ಲವಂತೆ. "ಮಾಡೋಳು ಅವ್ಳು. ಅವ್ಳೆಸ್ರೇ ಇಡಿ. ಲಾರಿ ಮ್ಯಾಲೆ ಎಂಡ್ತಿ ಎಸ್ರು ಬರೆಸ್ಕತಾರೆ, ಗೊಂಬೆಗ್ಯಾಕೆ ಬ್ಯಾಡ?" ಕಿಶೋರನಿಗೆ ಹಿಡಿಸಿತು. ಜುಬೇದಾ ಮಿನಿಯೇಚರ್ಸ್. ಬೆಂಗಳೂರಿನಲ್ಲಿ ಪೆಟ್ಟಿಗೆಗಳನ್ನು ಅಚ್ಚು ಹಾಕಿಸಿದ. ಹೊರದೇಶದ ಗಿರಾಕಿಯೊಬ್ಬ ನೋಡಲು ಬರುತ್ತಾನೆಂದು ಅಂಗಡಿಗೆ ನೀಲಿ ಬೋರ್ಡನ್ನೂ ತಾನೇ ಹಾಕಿಸಿದ. ಜುಬೇದಕ್ಕ ಬಾಯಿಗೆ ಸೆರಗು ಒತ್ತಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಆ ಬೋರ್ಡು ನೋಡಿದಳಂತೆ. ಲಾರಿಯವನು ಹಾರ್ನ್ ಹೊಡೆದರೂ ಜರುಗಲಿಲ್ಲವಂತೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಗೊಂಬೆ ನಿಲ್ಲುವ ಬಿಲ್ಲೆಯ ಅಡಿಗೆ ಏನಾದರೂ ಗುರುತು ಹಾಕಿ ಎಂದು ಕಿಶೋರ್ ಹೇಳಿದ್ದ. ಬಾಷಣ್ಣ ಏನು ಹಾಕಿದ ಗೊತ್ತೆ? 'ಕಿಶೋರ್' ಎಂದು ಹಾಕಿದ. ತನ್ನ ಹೆಸರಲ್ಲ, ಹೆಂಡತಿಯ ಹೆಸರಲ್ಲ. ತಲೆತಲಾಂತರದಿಂದ ಅವನ ಮನೆತನದವರು ಪಾತ್ರೆಗೆ ಕೊರೆದದ್ದು ಮಾಡಿಸಿದವರ ಹೆಸರು, ಕೊಟ್ಟವರ ಹೆಸರು. ಮಾಡಿದವನ ಹೆಸರನ್ನು ಪಾತ್ರೆಯ ಮೇಲೆ ಯಾವನಾದರೂ ಹಾಕಿಕೊಳ್ಳುತ್ತಾನೆಯೆ? ಕೊರೆಯುವವನು ತನ್ನ ಹೆಸರು ಕೊರೆದುಕೊಂಡರೆ ಕದ್ದ ಹಾಗೆ. ಮಾಡಿಸಿದವನಿಗೆ ಮರ್ಯಾದೆ ಎಂದು, ಅಕ್ಕಿಕಾಳಿನಷ್ಟು ಅಕ್ಷರದಲ್ಲಿ, ಒಂದೊಂದು ಗೊಂಬೆಯ ಕಾಲಡಿಯಲ್ಲೂ ಆ ಹೆಸರು ಬರುವಂತೆ ಮೇಣದ ಮೂಲದಲ್ಲೇ ಕೊರೆದ. ಕಿಶೋರ್ ನೋಡಿ ಬಹಳ ಸಂತೋಷಪಟ್ಟನಂತೆ. ಯಾಕೆ ಪಡುವುದಿಲ್ಲ!

ಆ ಮನುಷ್ಯ ಬಂದಾಗಲೆಲ್ಲ ಜುಬೇದಕ್ಕನ ಕೈಯ ಊಟ ಮಾಡುತ್ತಿದ್ದ. 'ಅಮ್ಮಾ' ಎನ್ನುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವವರನ್ನು ನಮ್ಮವ್ವ ಬೈಯುವುದನ್ನು ಕೇಳಿದ್ದೆ. ಕಣ್ಣಾರೆ ಕಂಡದ್ದು ಆ ವರ್ಷ.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಹೆದ್ದಾರಿಯ ಎರಡೂ ಬದಿ ಚೆಂಡುಹೂ, ಸೂರ್ಯಕಾಂತಿ. ಕೇರಳದವರು ಕಾರು ನಿಲ್ಲಿಸಿ ಹೊಲಕ್ಕಿಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಾಗೆ ನಿಲ್ಲಿಸಿದ ಸುಲ್ತಾನ್ ಬತ್ತೇರಿಯ ಅಂಗಡಿಯವರೊಬ್ಬರು ನಮ್ಮ ಗೊಂಬೆ ನೋಡಿ, ಪ್ರವಾಸಿಗಳಿಗೆ ಮಾರಲು ಆನೆ, ಮಾವುತ, ನಗಾರಿಯವರು ಬೇಕೆಂದರು. ಕಿಶೋರನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಊರಿಗೆ ಬಂದ ಗಿರಾಕಿಯನ್ನು ಬಿಡಲಾದೀತೆ? ಜುಬೇದಕ್ಕ ಒಪ್ಪಿದಳು. ರಟ್ಟಿನ ಪೆಟ್ಟಿಗೆ ನಾವೇ ಮಡಿಸಿದೆವು. ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಜುಬೇದಾ, ಗುಂಡ್ಲುಪೇಟೆ' ಎಂದು ನಾನೇ ಬಣ್ಣದಲ್ಲಿ ಬರೆದೆ. ಆಕೆಯ ಹೆಸರನ್ನು ಆಕೆಯ ಅಂಗಡಿಯವರೇ ಪೆಟ್ಟಿಗೆಯ ಮೇಲೆ ಬರೆದದ್ದು ಅದೇ ಮೊದಲು.

ಒಂದು ತಿಂಗಳಾಗಿರಬಹುದು. ಜಿಟಿಜಿಟಿ ಮಳೆಯಲ್ಲಿ ರಿಜಿಸ್ಟರ್ಡ್ ಪೋಸ್ಟು ಬಂತು. ಇಂಗ್ಲಿಷು ನನಗೆ ಬರುತ್ತದೆಂದು ನನ್ನ ಕೈಗೆ ಕೊಟ್ಟರು. ಬೆಂಗಳೂರಿನ ವಕೀಲರ ನೋಟೀಸು. 'ಜುಬೇದಾ' ಎಂಬುದು ಕಿಶೋರನ ಕಂಪನಿಯ ನೋಂದಾಯಿತ ಟ್ರೇಡ್‌ಮಾರ್ಕು. ಗೊಂಬೆ, ಮಾದರಿ, ಆಟದ ಸಾಮಾನು ಯಾವುದರ ಮೇಲೂ ನೀವು ಅದನ್ನು ಬಳಸತಕ್ಕದ್ದಲ್ಲ. ಬೋರ್ಡು ಇಳಿಸಿ, ಪೆಟ್ಟಿಗೆ ನಾಶಮಾಡಿ, ಇನ್ನು ಮುಂದೆ ಆ ಹೆಸರನ್ನು ಬಳಸುವುದಿಲ್ಲವೆಂದು ಬರೆದುಕೊಡಿ, ಇಲ್ಲದಿದ್ದರೆ ದಾವೆ.

ಮೊದಲ ಸಲ ಓದಿದಾಗ ನನಗೇ ಅರ್ಥವಾಗಲಿಲ್ಲ. ಎರಡನೇ ಸಲ ಓದಿ ಕನ್ನಡದಲ್ಲಿ ಹೇಳಿದೆ. ಬಾಷಣ್ಣ ಕುಲುಮೆಯ ಮುಂದೆ ಹಾಗೇ ಕೂತುಬಿಟ್ಟ. ಜುಬೇದಕ್ಕ ಮೇಣ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದಳು.

"ಯಾವ ಜುಬೇದಾ ಕಣಮ್ಮಿ?"

"ನೀನೇ ಅಕ್ಕಾ."

"ನಮ್ಮಪ್ಪ ಕಿವೀಲಿ ಕೂಗಿ ಇಟ್ಟ ಎಸ್ರು ಇದು. ಅಂವ ಯಾವಾಗ ತಗಂಡೋದ?"

ನಾನು ನೋಟೀಸು ತಿರುವಿ ನೋಂದಣಿಯ ತಾರೀಕು ಹುಡುಕಿದೆ.

ಚಾಮರಾಜನಗರದಲ್ಲಿ ಮಾದಪ್ಪ ಎಂಬ ವಕೀಲರಿದ್ದರು. ನಮ್ಮಪ್ಪನಿಗೆ ಪರಿಚಯ. ಹಣೆ ತುಂಬ ವಿಭೂತಿ, ನಿಧಾನದ ಮಾತು. ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಕತ್ತಿ ಎತ್ತಿದ ಸೈನಿಕನ ಮೂಲಪುರುಷನೇ ಟಿಕೆಟ್ಟು ಹರಿದ. ಅವತ್ತು ಯಾರಿಗೂ ನಗು ಬರಲಿಲ್ಲ.

ಮಾದಪ್ಪನವರು ನೋಟೀಸನ್ನು ಪೂರ್ತಿ ಓದಿ, "ಎದ್ರುಕೋಬ್ಯಾಡಿ" ಎಂದರು. "ಮೊದಲು ಬಳಸ್ದೋರಿಗೆ ಕಾನೂನಲ್ಲಿ ಜಾಗ ಅದೆ. ಸ್ವಂತ ಎಸ್ರು ಅನ್ನೋದಕ್ಕೂ ಜಾಗ ಅದೆ. ಅವನಿಗಿಂತ ಮೊದ್ಲು ಈ ಎಸ್ರಲ್ಲಿ ನೀವು ಮಾಲು ಮಾಡಿದ್ರಿ ಅನ್ನೋದಕ್ಕೆ ಏನಾದ್ರೂ ಕೊಡಿ. ಪೆಟ್ಗೆ ಯಾರು ಮಾಡ್ಸಿದ್ದು?"

"ಕಿಶೋರಣ್ಣ."

"ಬೋರ್ಡು?"

"ಅಂವ್ನೇಯ."

"ಓಗ್ಲಿ, ಗೊಂಬೆ ತಂದಿದ್ದೀರಾ? ಹಳೇವು?"

ಬಾಷಣ್ಣನ ಮುಖ ಅರಳಿತು. ಮೊದಮೊದಲು ಎರೆದ ಗೊಂಬೆಗಳನ್ನೆಲ್ಲ ಬಟ್ಟೆ ಚೀಲದಲ್ಲಿ ತಂದಿದ್ದ. ಮೇಜಿನ ಮೇಲೆ ಸುರಿದು ಒಂದೊಂದನ್ನೇ ಎತ್ತಿ ನಿಲ್ಲಿಸಿದ. ಇಡೀ ದಂಡು ವಕೀಲರ ಫೈಲುಗಳ ನಡುವೆ ಸಾಲುಗಟ್ಟಿತು. ಮಾದಪ್ಪನವರು ಮಗುವಿನ ಹಾಗೆ ಬಗ್ಗಿ ನೋಡಿದರು. ದಲ್ಲಾಳಿಯನ್ನು ಗುರುತು ಹಿಡಿದು "ಅಯ್ಯೋ ಇವ್ನಾ!" ಎಂದು ನಕ್ಕರು. ಆಮೇಲೆ ಅವನನ್ನು ತಲೆಕೆಳಗು ಮಾಡಿದರು.

ಕಿಶೋರ್.

ಇನ್ನೊಂದು ತಿರುಗಿಸಿದರು. ಕಿಶೋರ್. ಆನೆಯ ಅಡಿಯಲ್ಲೂ ಅದೇ. ಬಾಷಣ್ಣನಿಗೆ ಏನಾಗುತ್ತಿದೆ ಎಂಬುದು ಅವರ ಮುಖ ನೋಡಿದ ಮೇಲೆಯೇ ಹೊಳೆದದ್ದು. "ಮಾಡ್ಸಿದೋರ ಎಸ್ರು ತಾನೆ ಸ್ವಾಮಿ ಆಕದು" ಎಂದ. "ನಿಮ್ಮನೆ ಅಂಡೆ ಮ್ಯಾಲೆ ಯಾರ ಎಸ್ರದೆ ಯೋಳಿ."

"ನಮ್ಮಾವಂದು" ಎಂದರು ಮಾದಪ್ಪನವರು. "ನಂಗೆ ಗೊತ್ತು ಬಾಷಾ. ನಂಗೆ ಗೊತ್ತಿರೋದ್ರಿಂದ ಪ್ರಯೋಜನ ಇಲ್ಲ. ಎದುರುಗಡೆಯೋರು ಏನಂತಾರೆ? ಮಾಲಿನ ಮೇಲೇ ನಮ್ಮೆಸ್ರು ಅದೆ, ಇವ್ರು ಕೂಲಿಗೆ ಎರೆದುಕೊಟ್ಟೋರು ಅಂತಾರೆ. ವಾದ ಮಾಡನ. ಗೆದ್ರೂ ಗೆಲ್ಬೋದು. ನೋಂದಣಿ ತೆಗೆಸ್ಬೇಕು ಅಂದ್ರೆ ಮದ್ರಾಸಿನ ಟ್ರೇಡ್‌ಮಾರ್ಕ್ ಆಫೀಸಿಗೆ ಓಗ್ಬೇಕು. ವರ್ಷಗಟ್ಲೆ ಆಯ್ತದೆ. ಅಲ್ಲೀವರ್ಗೂ ಅಂಗಡಿ ನಡೀಬೇಕಲ್ಲ."

ನನಗೆ ಆ ಕೋಣೆಯಲ್ಲಿದ್ದ ಕಾನೂನು ಪುಸ್ತಕಗಳನ್ನೆಲ್ಲ ಎತ್ತಿ ಹೊರಗಿನ ಕೆಸರಿಗೆ ಎಸೆಯಬೇಕೆನಿಸಿತು. ಮರ್ಯಾದೆ ಕೊಟ್ಟದ್ದೇ ಸಾಕ್ಷಿಯಾಯಿತಲ್ಲ! ಕದಿಯಲು ಬಂದವನ ಹೆಸರನ್ನು ತಾನೇ ಕೂತು, ಕಣ್ಣು ಕಿರಿದು ಮಾಡಿಕೊಂಡು, ಪ್ರೀತಿಯಿಂದ ಕೊರೆದುಕೊಟ್ಟವನನ್ನು ಯಾವ ನ್ಯಾಯ ಕೂಲಿಯವನೆನ್ನುತ್ತದೆ?

ರಾಜಿ ಮಾತಿಗೆಂದು ಕಿಶೋರ್ ತನ್ನ ವಕೀಲನ ಜೊತೆ ಮಾದಪ್ಪನವರ ಆಫೀಸಿಗೇ ಬಂದ. ಕೈಯಲ್ಲಿ ಸಿಹಿಯ ಪೊಟ್ಟಣ! ಎಂದಿನಂತೆ 'ಅಮ್ಮಾ' ಎಂದ. ಅಂಗಡಿ ಮುಚ್ಚಿ ಎಂದು ಯಾರೂ ಹೇಳುತ್ತಿಲ್ಲ, ಗೊಂಬೆ ಮಾಡಿಕೊಡಿ, ನಾನೇ ಕೊಳ್ಳುತ್ತೇನೆ, ಬೇರೆಯವರಿಗೆ ಕೊಡಬೇಡಿ, ಹೆಸರು ಮಾತ್ರ ನಮಗೆ ಬಿಡಿ ಎಂದ. ಆ ಹೆಸರಿಗೆ ಹೊರದೇಶದಲ್ಲಿ ಬೆಲೆ ತಂದುಕೊಟ್ಟವನು ತಾನು ಎಂದ.

"ಅಂಗಾರೆ ನಾನು ಏನಂತ ಕರಿಸ್ಕಬೇಕು?" ಎಂದಳು ಜುಬೇದಕ್ಕ.

"ಮನೇಲಿ ಏನು ಬೇಕಾದ್ರೂ ಕರೀಲಿ ಅಮ್ಮಾ. ವ್ಯಾಪಾರದಲ್ಲಿ ಮಾತ್ರ ಬೇಡ."

ಜುಬೇದಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮವ್ವನ ಎಸ್ರೇನ್ಲಾ?"

ಅಷ್ಟು ವರ್ಷದಲ್ಲಿ ಆಕೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನು ತಬ್ಬಿಬ್ಬಾಗಿ ಹೇಳಿದ. ಒಳ್ಳೆಯ ಹೆಸರೇ.

"ಆಯಮ್ಮನ ಎಸ್ರು ಇಟ್ಕಳ್ಲಾ ಪೆಟ್ಗೆಗೆ. ನಿಂಗೆ ಅವ್ವ ಇದ್ರೂ ನನ್ನೆಸ್ರು ಯಾಕೆ ಬೇಕಾಯ್ತು?"

ಅವನ ವಕೀಲ ಗಂಟಲು ಸರಿಮಾಡಿಕೊಂಡು ಕಾಗದದ ಕಡೆ ನೋಡಿದ. ಸಹಿ ಆಗಲಿಲ್ಲ. ಸಿಹಿಯ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ಗೆದ್ದೇಬಿಟ್ಟೆವು ಎಂಬ ಗತ್ತಿನಲ್ಲಿದ್ದೆ.

ಬಾಷಣ್ಣ ಮಾತ್ರ ಸೋತುಹೋಗಿದ್ದ. ಮಾರನೆಯ ದಿನದಿಂದ ಅವನು ಅರ ಹಿಡಿದು ಕೂತ. ಅಂಗಡಿಯಲ್ಲಿ ಉಳಿದಿದ್ದ ಗೊಂಬೆಗಳನ್ನೆಲ್ಲ ಒಂದೊಂದಾಗಿ ಮಗುಚಿ ಅಡಿಯ ಹೆಸರು ಉಜ್ಜುತ್ತಿದ್ದ. "ಯಾರು ನೋಡ್ತಾರೆ ಬಾಷಣ್ಣ, ಬುಡು" ಎಂದರೆ ಕೇಳಿಸದವನಂತೆ ಉಜ್ಜುತ್ತಿದ್ದ. ಊಟಕ್ಕೆ ಕರೆದರೆ, "ನಾನೇ ಬರೆದ್ಕೊಟ್ಟೆ ಕಣಮ್ಮಿ, ನನ್ನ ಕೈಯಾರ ಬರೆದ್ಕೊಟ್ಬುಟ್ಟೆ" ಎನ್ನುವುದೊಂದೇ. ಬೆರಳ ತುದಿಗಳು ಕಿತ್ತುಬಂದಿದ್ದವು. ಹೊರಗೆ ಲಗ್ನದ ಕಾಲದ ಪಾತ್ರೆಗಳು ಬಂದು ಬಿದ್ದಿದ್ದರೂ ಚಾಣ ಮುಟ್ಟಲಿಲ್ಲ.

ಜುಬೇದಕ್ಕ ಕೆಲವು ದಿನ ಅದನ್ನು ನೋಡಿದಳು. ಆಮೇಲೊಂದು ಬೆಳಿಗ್ಗೆ ಬುರ್ಖಾ ಹಾಕಿಕೊಂಡು "ನಡಿ, ಸೈನ್ ಮಾಡ್ಬುಟ್ಟು ಬರನ" ಎಂದಳು. ನಾನು ಜಗಳವಾಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಡಿದೆ. ಆಕೆ ಹೇಳಿದ್ದಿಷ್ಟು: "ಎಸ್ರು ಓದ್ರೆ ಓಯ್ತದೆ. ನಮ್ಮನೆಯಂವ ಓದ್ರೆ ನಾನು ಯಾರನ್ನ ಬೈಯ್ಲಿ?"

ಕಾಗದ ತಯಾರಾಗಿತ್ತು. 'ಜುಬೇದಾ' ಎಂಬ ಹೆಸರನ್ನು ಲೋಹದ ಗೊಂಬೆ, ಮಾದರಿ, ಆಟಿಕೆ, ಆಟಗಳ ಮೇಲೆ ತಾನಾಗಲಿ ತನ್ನ ಮನೆಯವರಾಗಲಿ ಎಂದೆಂದಿಗೂ ಬಳಸುವುದಿಲ್ಲ. ಕೆಳಗೆ ಸಹಿ. ಆಕೆ ಪೆನ್ನು ಹಿಡಿದು, ನಿಧಾನವಾಗಿ, ಕನ್ನಡದಲ್ಲಿ ಬರೆದಳು: ಜುಬೇದಾ. ಹೆಸರು ಬಿಟ್ಟುಕೊಡುವುದಕ್ಕೂ ಅದೇ ಹೆಸರು ಬರೆಯಬೇಕಾಯಿತು. ಆ ಹೊತ್ತಿನ ಸಿಟ್ಟು ನನ್ನ ಹೊಟ್ಟೆಯಲ್ಲಿ ಇನ್ನೂ ಕೆಂಡದ ಹಾಗಿದೆ, ಬೂದಿ ಮುಚ್ಚಿಕೊಂಡಿದೆ ಅಷ್ಟೆ.

ಅಂಗಡಿಗೆ ಮರಳಿ ಆಕೆ ಮೇಣದ ಮೂಲಗಳನ್ನು ಒಲೆಗೆ ಹಾಕಿದಳು. ರಬ್ಬರಿನ ಅಚ್ಚುಗಳನ್ನು ಕುಯ್ದಳು. ಕಿಶೋರನಿಗೆ ಇನ್ನೊಂದು ಗೊಂಬೆಯನ್ನೂ ಮಾಡಿಕೊಡಲಿಲ್ಲ. ತವರದ ದಂಡನ್ನು ಬಾಣಲೆಗೆ ಸುರಿದು ಬಾಷಣ್ಣನ ಮುಂದಿಟ್ಟು, "ಕರಗ್ಸು" ಎಂದಳು. ದಲ್ಲಾಳಿ, ಕಂಡಕ್ಟರು, ಆನೆ ಎಲ್ಲ ಒಂದೇ ಬೆಳ್ಳನೆಯ ನೀರಾದವು. ಅದನ್ನು ಗಟ್ಟಿಗಳಾಗಿ ಹೊಯ್ದು ಇಟ್ಟುಕೊಂಡರು. ಬಾಷಣ್ಣ ಎಷ್ಟೋ ದಿನದ ಮೇಲೆ ಅವತ್ತು ಉಂಡ.

ನೀವು ಕೇಳಬಹುದು, ಕಿಶೋರ್ ಏನಾದ ಎಂದು. ಚೆನ್ನಾಗಿದ್ದಾನೆ. ಅವನಿಗೇನು ಧಾಡಿ? ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಆ ಪೆಟ್ಟಿಗೆ ನೋಡಿದೆ. ಮೇಲೆ ಬಂಗಾರದ ಅಕ್ಷರದಲ್ಲಿ ಜುಬೇದಾ. ಪಕ್ಕದಲ್ಲಿ ಕಿರೀಟ ತೊಟ್ಟ, ಬಳುಕುವ ಒಬ್ಬ ಹೆಣ್ಣಿನ ಚಿತ್ರ. ಹಿಂದುಗಡೆ ಕಥೆ ಬರೆದಿದ್ದರು: ಜುಬೇದಾ ಎಂಬವಳು ಯಾವುದೋ ಮರುಭೂಮಿಯ ದಂತಕಥೆಯ ರಾಣಿಯಂತೆ. ಒಳಗಿನ ಸೈನಿಕರಿಗೆಲ್ಲ ಒಂದೇ ಮುಖ. ಎಲೆಅಡಿಕೆ ಹಾಕಿಕೊಂಡು ಗುಂಡ್ಲುಪೇಟೆಯಲ್ಲಿ ಕೂತಿದ್ದವಳನ್ನು ಅಳಿಸಿ ಅಲ್ಲಿ ಇಲ್ಲದ ರಾಣಿಯನ್ನು ಕೂರಿಸಿದ್ದಾರೆ. ಅಂಗಡಿಯ ಹುಡುಗಿ "ಪ್ಯಾಕ್ ಮಾಡ್ಲಾ ಮೇಡಂ?" ಎಂದಾಗ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊರಬಂದೆ.

ಸಹಿ ಹಾಕಿದ ಮರುವರ್ಷ ನನ್ನ ಮದುವೆಯಾಯಿತು. ಚಪ್ಪರಕ್ಕೆ ಜುಬೇದಕ್ಕ, ಬಾಷಣ್ಣ ಬಂದರು. ಬಾಷಣ್ಣನ ಹೆಗಲ ಮೇಲೆ ಹಿತ್ತಾಳೆ ತಪ್ಪಲೆ. ಒಳಗೆ ಕನ್ನಡಿಯಂತೆ ಹೊಳೆಯುವ ಕಲಾಯಿ, ನಮ್ಮ ದಂಡು ಕರಗಿಸಿದ ತವರದ್ದೇ. ಹೊರಗೆ, ಕಂಠದ ಕೆಳಗೆ, ದೊಡ್ಡದಾಗಿ, ಆಳವಾಗಿ: ಜುಬೇದಾ. ಆ ಮಳೆಗಾಲದ ನಂತರ ಬಾಷಣ್ಣ ಕೊರೆದ ಮೊದಲ ಹೆಸರು ಅದು.

"ನೀನೇ ಓದಿದ್ದಲ್ವಾ, ಯೋಳಮ್ಮಿ" ಎಂದು ಜುಬೇದಕ್ಕ ಮಂಟಪದ ಪಕ್ಕದಲ್ಲೇ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು. "ಆ ಕಾಗ್ದದಲ್ಲಿ ಪಾತ್ರೆ ಅಂತ ಇರ್ನಿಲ್ಲ ತಾನೆ?"

"ಇರ್ಲಿಲ್ಲ ಅಕ್ಕಾ. ಗೊಂಬೆ, ಆಟದ ಸಾಮಾನು ಅಷ್ಟೆ."

"ಸರಿ ಬುಡು. ಕೊಟ್ಟೋಳು ನಾನು, ಎಸ್ರು ನಂದು. ಯಾವ ನನ್ಮಗ ಕೇಳ್ತನೆ ನೋಡನ."

ಮದುವೆಯಾದಂದಿನಿಂದ ಆ ತಪ್ಪಲೆಯಲ್ಲಿ ಸಾರು ಕುದಿಸಿ ಕುದಿಸಿ, ಪಾಳೇಗಾರರ ದಂಡನ್ನು ನಾವೇ ಉಂಡು ಮುಗಿಸಿದ್ದೇವೆ. ತಳದಲ್ಲಿ ಹಿತ್ತಾಳೆ ಕಾಣತೊಡಗಿದ್ದಕ್ಕೇ ಅಟ್ಟಕ್ಕೆ ಹಾಕಿದ್ದೆ. ಬಾಷಣ್ಣ ಈಗಿಲ್ಲ. ಜುಬೇದಕ್ಕ ಇದ್ದಾಳೆ, ಕಣ್ಣು ಮಂಜು, ನಾಲಗೆ ಮಾತ್ರ ಹಾಗೇ ಇದೆ.

ಕಲಾಯಿಯವನು ಹೊಸ ತವರ ಬಳಿದು, ಹತ್ತಿಯಲ್ಲಿ ಒರೆಸಿ, ತಪ್ಪಲೆಯನ್ನು ನೀರಿಗೆ ಅದ್ದಿದ. ಚುಯ್ ಎಂದು ಆವಿ ಎದ್ದಿತು. ನನ್ನ ಕೂಗಿಗೆ ಹೆದರಿದ್ದವನು ಹೆಸರಿನ ಹತ್ತಿರ ಕೈ ತರದೆ, ಬಟ್ಟೆಯಲ್ಲಿ ಸುತ್ತಿ ಕೊಡಲು ಬಂದ.

"ಚಾಣ ತಂದಿದ್ದೀಯಾ?" ಎಂದು ಕೇಳಿದೆ.

"ಅದೆ ಅಕ್ಕಾ. ಯಾಕೆ?"

"ಆ ಹೆಸರಿನ ಮೇಲೇ ಇನ್ನೊಂದು ಸಲ ಕೊರಿ. ಅದೇ ಅಕ್ಷರ. ಈ ಸಲ ಇನ್ನೂ ಆಳವಾಗಿ."